ಸೋದರತ್ತೆಯ ಸೀಟು

ತಿಪಟೂರಿನ ನಮ್ಮ ಪಕ್ಕದ ಮನೆಯ ಹುಡುಗಿ ಮುಂಬಯಿಯಲ್ಲಿ ವಿಮಾನ ಕಂಪನಿಯೊಂದರ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ನೌಕರರಿಗೆ ಪ್ರಯಾಣ ಪುಕ್ಕಟೆ, ಸೀಟು ಖಾಲಿ ಉಳಿದರೆ ಮಾತ್ರ. ಊರಿಗೆ ಬಂದು ಹೊರಡುವಾಗ, ಮತ್ತೆ ಯಾವಾಗ ಬರೋದು ಅಂತ ಕೇಳಿದರೆ ಬಳೆ ತಿರುಗಿಸುತ್ತಾ, "ಸೀಟು ಉಳಿದ್ರೆ ಬತ್ತೀನಿ ಕಣಕ್ಕ" ಅನ್ನುವಳು.

ಅವಳ ಅಣ್ಣನ ಮಗುವಿನ ನಾಮಕರಣ. ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಇವಳೊಬ್ಬಳೇ. ಸಂಜೆಗೆ ಮುಹೂರ್ತ; ಬೆಳಿಗ್ಗೆ ತೊಟ್ಟಿಲು ಸಿಂಗರಿಸುತ್ತಿದ್ದಾಗ ಮುಂಬಯಿಯಿಂದ ನನಗೆ ಅವಳ ಫೋನು ಬಂತು.

"ವಿಮಾನದಲ್ಲಿ ಕೂತಿದ್ದೋಳ್ನ ಎಬ್ಬಿಸಿದ್ರು ಅಕ್ಕ. ಬೆಂಗಳೂರಲ್ಲಿ ಡ್ಯೂಟಿ ಇರೋ ಪೈಲಟ್ ಒಬ್ರು ಇಲ್ಲಿನ ಮನೆಯಿಂದ ಕೊನೇ ಗಳಿಗೇಲಿ ಹೊರಟು ಬಂದ್ರು. ಅವ್ರಿಗೇ ಮೊದಲು."

"ಜಗಳ ಆಡ್ಲಿಲ್ವೇನೇ?"

"ಅವ್ರು ಹೋಗ್ದಿದ್ರೆ ಅಲ್ಲಿ ಒಂದು ವಿಮಾನದ ಜನಾನೇ ಕಾಯ್ಬೇಕು. ಇನ್ನೊಂದು ವಿಮಾನ ಸಿಗೋ ಹೊತ್ಗೆ ಮುಹೂರ್ತ ಮೀರ್ತದೆ, ಮಗೂಗೆ ಹೆಸ್ರು ನನ್ ಬದ್ಲು ನೀವೇ ಹೇಳಿ."

ಅಣ್ಣತಮ್ಮಂದಿರಿಲ್ಲದ ನನಗೆ ಆ ಭಾಗ್ಯವನ್ನು ಶಿವ ಹೀಗೆ ಕೊಟ್ಟ. ಸಂಜೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದೆ. ನಿನ್ನತ್ತೆ ಇನ್ನೊಂದು ವಿಮಾನಕ್ಕೆ ಕಾಯ್ತಾವ್ಳೆ ಕಣಪ್ಪ ಅಂತಲೂ ಹೇಳಿದೆ.