ಎಲ್ಲರಿಗಿಂತ ಮೊದಲು ಬಂದ ಹಾಲು

1998ರ ಕೊನೆಯ ತಿಂಗಳುಗಳಲ್ಲಿ ನಡೆದ ಸಂಗತಿ ಇದು. ಆಗ ನಾನು ಆಲೂರು ತಾಲ್ಲೂಕು ಕುಂದೂರು ಹೋಬಳಿಯ ನಮ್ಮ ಹಳ್ಳಿಯ ಮಹಿಳಾ ಹಾಲಿನ ಡೇರಿಯಲ್ಲಿ ಟೆಸ್ಟರ್ ಆಗಿದ್ದೆ. ಊರಿನ ಸೊಸೆಯರಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದವಳು ನಾನೊಬ್ಬಳೇ ಆದ್ದರಿಂದ ಆ ಕೆಲಸ ನನಗೆ ಬಂತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಬಾಗಿಲು ಸಾರಿಸಿ, ದೇವರಿಗೆ ದೀಪ ಹಚ್ಚಿ, ಐದೂವರೆಗೆ ಡೇರಿಯ ಬಾಗಿಲು ತೆಗೆಯುತ್ತಿದ್ದೆ. ಏಳಕ್ಕೆ ಹಾಲಿನ ವ್ಯಾನ್ ಹೊರಟ ಮೇಲೆ ಮನೆಗೆ ಬಂದು ರೊಟ್ಟಿ ತಟ್ಟುತ್ತಿದ್ದೆ. ಮತ್ತೆ ಸಂಜೆ ಐದರಿಂದ ಆರರವರೆಗೆ. ಒಲೆಯೂ ಆರಲಿಲ್ಲ, ಅತ್ತೆಯೂ ಮುನಿಯಲಿಲ್ಲ. ಶಿವ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಲೆಕ್ಕ ಹಾಕುವಾಗ ನಾನು ಅದನ್ನೂ ಸೇರಿಸಿಕೊಳ್ಳುತ್ತೇನೆ.

ಟೆಸ್ಟರ್ ಕೆಲಸವೆಂದರೆ ಏನೆಂದು ಹೇಳಿಬಿಡುತ್ತೇನೆ. ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆ ಇರುತ್ತದೆ, ನಮ್ಮೂರ ಬಾಯಲ್ಲಿ ಕೋಲು. ಅದನ್ನು ಹಾಲಿನ ಜಾಡಿಯಲ್ಲಿ ಬಿಟ್ಟರೆ ಗಟ್ಟಿ ಹಾಲಿನಲ್ಲಿ ಮೇಲೆ ತೇಲುತ್ತದೆ, ನೀರು ಬೆರೆತ ಹಾಲಿನಲ್ಲಿ ಕೆಳಗೆ ಇಳಿಯುತ್ತದೆ. ಅದರ ಕತ್ತಿನ ಮೇಲೆ ಅಂಕಿಗಳಿರುತ್ತವೆ. ನಮ್ಮಲ್ಲಿ ಇಪ್ಪತ್ತಾರಕ್ಕಿಂತ ಕಡಿಮೆ ಬಂದರೆ ಹಾಲು ವಾಪಸ್. ಅದಲ್ಲದೆ ಜಿಡ್ಡಿನ ಅಂಶ ನೋಡುವ ಫ್ಯಾಟ್ ಟೆಸ್ಟ್ ಬೇರೆ ಇತ್ತು. ತರಬೇತಿಯಲ್ಲಿ ಒಂದು ಥರ್ಮಾಮೀಟರನ್ನೂ ಕೊಟ್ಟಿದ್ದರು. ಗಾಜಿನದು, ಒಡೆದರೆ ನನ್ನ ತಲೆಗೆ ಬಂದೀತೆಂದು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದೆ.

ಡೇರಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ರುದ್ರಮ್ಮನ ಮನೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮಕ್ಕಳಿರಲಿಲ್ಲ. ಒಂದೇ ಒಂದು ಸೀಮೆಹಸು. ಅವಳ ಅನ್ನವೆಲ್ಲ ಅದರ ಕೆಚ್ಚಲಲ್ಲೇ ಇತ್ತು. ಗಂಡ ಜೀಪು ಓಡಿಸುತ್ತಿದ್ದವನು, ಯಸಳೂರಿನ ಕಡೆ ಇನ್ನೊಬ್ಬಳನ್ನು ಕಟ್ಟಿಕೊಂಡು ಅಲ್ಲೇ ಸಂಸಾರ ಹೂಡಿದ್ದ. ಮೂರು ವರ್ಷ ಕಾದ ರುದ್ರಮ್ಮ, ಆ ವರ್ಷದ ದೀಪಾವಳಿಯ ಮರುದಿನ ಈಶ್ವರನ ಗುಡಿಗೆ ಬಂದು, ಕೊರಳಿನ ತಾಳಿ ಬಿಚ್ಚಿ ಹುಂಡಿಗೆ ಹಾಕಿದಳು. ಕಾಲುಂಗುರವನ್ನೂ ತೆಗೆದಳು. ಆದರೆ ಕುಂಕುಮ ಅಳಿಸಲಿಲ್ಲ, ಹೂ ಬಿಡಲಿಲ್ಲ.

ಊರಿಗೆ ಇದು ಅರಗಲಿಲ್ಲ. ಗಂಡ ಸತ್ತವಳಿಗೆ ಒಂದು ಜಾಗವಿತ್ತು, ಮುತ್ತೈದೆಗೆ ಒಂದು ಜಾಗವಿತ್ತು. ಬದುಕಿರುವ ಗಂಡನ ತಾಳಿ ಬಿಚ್ಚಿ ಮಲ್ಲಿಗೆ ಮುಡಿದು ಓಡಾಡುವವಳಿಗೆ ಎಲ್ಲಿಯೂ ಜಾಗವಿರಲಿಲ್ಲ. ಬೆಳಗಿನ ಹೊತ್ತು ಅವಳ ಬೋಳು ಕೊರಳು ಕಂಡರೆ ತಮ್ಮ ತಾಳಿಗೆ ಕೇಡು ಎಂದು ಹೆಂಗಸರು ಸರತಿಯಲ್ಲಿ ಮುಖ ತಿರುಗಿಸಿ ನಿಲ್ಲತೊಡಗಿದರು. ಕೊನೆಗೆ ಡೇರಿಯ ಅಧ್ಯಕ್ಷೆ ಈರಮ್ಮನವರು ಕರೆದು ಹೇಳಿದರು:

“ನೋಡವ್ವ, ಜಗಳ ಬ್ಯಾಡ. ಬೆಳಗಿನ ಹಾಲು ಎಲ್ಲರಿಗಿಂತ ಮುಂಚೆ ಬಂದು ಹಾಕಿ ಹೋಗ್ಬುಡು. ಸಂಜೆ ಬೇಕಾದ್ರೆ ಸಾಲಲ್ಲಿ ನಿಂತ್ಕೊ, ಸಂಜೆ ಮುಖಕ್ಕೆ ದೋಷ ಇಲ್ಲ.”

“ಆಗ್ಲಿ ಬಿಡಿ,” ಎಂದಳು ರುದ್ರಮ್ಮ. “ನನಗೂ ಬೆಳಬೆಳಗ್ಗೆ ನಿಮ್ಮ ಮುಖಗಳೆಲ್ಲ ನೋಡೋದು ತಪ್ಪುತೈತೆ.”

ಅಂದಿನಿಂದ ಐದೂವರೆಗೆ ಬಾಗಿಲು ತೆಗೆದರೆ ಮೊದಲು ಕಾಣುವುದು ಅವಳೇ. ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಾನೂ ಬಾಗಿಲು ತೆಗೆಯುವ ಮುನ್ನ ಗೋಡೆಯ ಮೇಲಿನ ಶಿವನ ಪಟ ನೋಡಿಕೊಂಡೇ ಚಿಲಕಕ್ಕೆ ಕೈ ಹಾಕುತ್ತಿದ್ದೆ. ಅವಳ ಕ್ಯಾನು ಇಸಿದುಕೊಳ್ಳುವಾಗ ಕಣ್ಣು ಕೆಳಗಿರುತ್ತಿತ್ತು.

ಮೊದಲ ದಿನವೇ ಅವಳ ಹಾಲು ಇಪ್ಪತ್ತೈದು ತೋರಿಸಿತು. ಮರುದಿನ ಇಪ್ಪತ್ತನಾಲ್ಕೂವರೆ. ಅದಕ್ಕೆ ಮುಂಚೆ ಒಂದು ದಿನವೂ ಇಪ್ಪತ್ತೇಳಕ್ಕಿಂತ ಇಳಿದವಳಲ್ಲ. ನಾನು ಹಾಲು ವಾಪಸ್ ಕೊಟ್ಟೆ.

“ನೀರು ಹಾಕಿಲ್ಲ ಕಣಕ್ಕ.”

“ಕೋಲು ಹೇಳ್ತೈತೆ, ನಾನಲ್ಲ,” ಎಂದೆ.

ಸಂಜೆಯ ಹಾಲು ಮಾತ್ರ ಸರಿಯಾಗಿ ಇಪ್ಪತ್ತೇಳೂವರೆ. ನನಗೆ ಅದೇ ದೊಡ್ಡ ಅನುಮಾನವಾಯಿತು. ಬೆಳಿಗ್ಗೆ ಕತ್ತಲಲ್ಲಿ ಯಾರೂ ನೋಡುವುದಿಲ್ಲವೆಂದು ಬೆರೆಸುತ್ತಾಳೆ, ಸಂಜೆ ಬೆಳಕಿರುವುದರಿಂದ ಹೆದರುತ್ತಾಳೆ ಎಂದುಕೊಂಡೆ. ಅವಳ ಬೆಳಗಿನ ಹಾಲಿನ ಫ್ಯಾಟ್ ನೋಡಿದರೆ ನಾಲ್ಕರ ಮೇಲಿತ್ತು. ನೀರು ಬೆರೆಸಿದರೆ ಜಿಡ್ಡೂ ಇಳಿಯಬೇಕು. ಇಳಿದಿರಲಿಲ್ಲ. ಅದು ಅವಳ ಪರವಾದ ಸಾಕ್ಷಿ ಎಂದು ನನಗೆ ಹೊಳೆಯಲೇ ಇಲ್ಲ. ‘ಅಬ್ಬಾ, ಎಷ್ಟು ಚಾಲಾಕಿ, ನೀರಿನ ಜೊತೆ ಇನ್ನೇನೋ ಸೇರಿಸುತ್ತಿದ್ದಾಳೆ’ ಎಂದೇ ಅನಿಸಿತು. ಮನಸ್ಸು ಒಮ್ಮೆ ಹುಳಿಯಾದರೆ ಅದಕ್ಕೆ ಬಿದ್ದದ್ದೆಲ್ಲ ಹುಳಿಯೇ.

ಊರಲ್ಲಿ ಮಾತು ಹಬ್ಬಿತು. “ತಾಳಿ ಬಿಚ್ಚಿದ ತಿಂಗಳಿಗೇ ಸತ್ಯಾನೂ ಬಿಚ್ಚಿಟ್ಬುಟ್ಲು,” ಎಂದು ನಮ್ಮ ಅತ್ತೆ ಒಲೆಯ ಮುಂದೆ ಕುಳಿತು ಹೇಳಿದರು. ನಾನು ಸೋಮವಾರದ ಅಭಿಷೇಕಕ್ಕೆ ಮೊದಲೆಲ್ಲ ರುದ್ರಮ್ಮನ ಹಾಲನ್ನೇ ಒಂದು ಚೊಂಬು ತೆಗೆದುಕೊಂಡು ಹೋಗುತ್ತಿದ್ದೆ. ನಿಲ್ಲಿಸಿದೆ. ನೀರು ಹಾಲನ್ನು ದೇವರ ತಲೆಯ ಮೇಲೆ ಹೇಗೆ ಸುರಿಯಲಿ? ಕ್ಯಾನು ಹಿಡಿದು ನಿಂತಿದ್ದ ಅವಳೆದುರೇ ಬೇರೆಯವರ ಮನೆಗೆ ಚೊಂಬು ಕಳುಹಿಸಿದೆ.

ಡಿಸೆಂಬರ್ ಬಂತು. ನಮ್ಮ ಕಡೆಯ ಚಳಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನೇ ಕಳ್ಳಿಯಂತೆ ಹೋಗಿ ಅವಳ ಕೊಟ್ಟಿಗೆಯ ತಡಿಕೆಯ ಸಂದಿಯಲ್ಲಿ ಕಣ್ಣಿಟ್ಟೆ. ಅವಳು ಪಾತ್ರೆ ತೊಳೆದಳು, ಬೋರಲು ಹಿಡಿದು ಮೂರು ಸಲ ಕೊಡವಿದಳು, ಸೆರಗಿನಿಂದ ಒಳಗೆಲ್ಲ ಒರೆಸಿದಳು. ನಂತರ ಹಸುವಿನ ಬೆನ್ನು ತಟ್ಟಿ ಕೂತು ಕರೆದಳು. ಒಂದು ಹನಿ ನೀರೂ ಬೀಳಲಿಲ್ಲ. ಅದೇ ಪಾತ್ರೆ ನೇರ ಡೇರಿಗೆ ಬಂತು. ಅಂಕಿ ಇಪ್ಪತ್ತನಾಲ್ಕೂವರೆ! ಆಗಲೂ ನನಗೆ ಕೋಲಿನ ಮೇಲೆ ಅನುಮಾನ ಬರಲಿಲ್ಲ. ‘ನಾನು ಬಂದದ್ದು ಕಂಡಿರಬೇಕು, ಏನೋ ಕೈಚಳಕ ಮಾಡಿದ್ದಾಳೆ’ ಎಂದುಕೊಂಡೆ.

ಹದಿನೈದು ದಿನ ಹಾಲು ವಾಪಸಾದರೆ ಸದಸ್ಯತ್ವ ರದ್ದು ಎಂದು ನಮ್ಮ ನಿಯಮ. ಹದಿನಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಡೇರಿಯಲ್ಲೇ ಸಮಿತಿ ಸೇರಿತು. ಅವತ್ತಿನ ಹಾಲಿನದೊಂದು ಬಾಟಲಿಯನ್ನು ಸಾಕ್ಷಿಗೆಂದು ನಾನು ಬಿರಡೆ ಹಾಕಿ, ದಾರ ಸುತ್ತಿ, ನಮ್ಮ ಮನೆಯ ನೀರಿನ ತೊಟ್ಟಿಯ ಕಟ್ಟೆಯ ಮೇಲಿಟ್ಟು, ಸಭೆಗೆ ತಂದಿದ್ದೆ. ಬೆಳಿಗ್ಗೆ ಬಂದ ಅಂಕಿ ಪುಸ್ತಕದಲ್ಲಿತ್ತು: ಇಪ್ಪತ್ತನಾಲ್ಕೂವರೆ. ಡೇರಿಯಿಂದ ಹೊರಗೆ ಹಾಕಿದರೆ ರುದ್ರಮ್ಮ ಆ ಹಾಲನ್ನು ಕೊಳ್ಳುವವರಿಲ್ಲದೆ ಹಸು ಮಾರಬೇಕು, ಮಾರಿ ಕೆ. ಹೊಸಕೋಟೆಯ ಅಣ್ಣನ ಮನೆ ಸೇರಬೇಕು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಈರಮ್ಮನವರು ಕೆಟ್ಟವರಲ್ಲ. ದನಿ ತಗ್ಗಿಸಿ ಹೇಳಿದರು: “ರುದ್ರಿ, ನಿನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಮಗೇನು ಆಸೆನಾ? ಒಂದು ಕೆಲಸ ಮಾಡು. ಅರಿಶಿನದ ಕೊಂಬು ಕಟ್ಟಿದ ದಾರನಾದ್ರೂ ಕೊರಳಿಗೆ ಹಾಕ್ಕೊ. ಊರು ಸುಮ್ಕಾಯ್ತದೆ. ಹಾಲಿನ ವಿಷಯ ನಾವೂ ಮರೆತ್ಬುಡ್ತೀವಿ.”

“ಹೂಂ ಅನ್ನೇ, ಮಾರಾಯ್ತಿ,” ಎಂದೆ ನಾನೂ.

ರುದ್ರಮ್ಮ ನನ್ನ ಕಡೆಗೇ ತಿರುಗಿದಳು. “ದಾರ ಕಟ್ಕೊಂಡ್ರೆ ಹಾಲು ಗಟ್ಟಿಯಾಯ್ತದಾ ಅಕ್ಕ? ನೀನು ಓದಿದೋಳು, ಹೇಳು.”

ಈರಮ್ಮನವರ ಮುಖ ಕೆಂಪಾಯಿತು. “ತಗಿ ಬಾಟ್ಲಿ, ಎಲ್ಲರೂ ನೋಡ್ಲಿ,” ಎಂದರು.

ಜಾಡಿಗೆ ಹಾಲು ಸುರಿದು ಲ್ಯಾಕ್ಟೋಮೀಟರ್ ಬಿಟ್ಟೆ. ಅದು ಒಮ್ಮೆ ಮುಳುಗಿ, ಎದ್ದು, ನಿಂತಿತು. ಇಪ್ಪತ್ತೆಂಟು.

ಒರೆಸಿ ಮತ್ತೆ ಬಿಟ್ಟೆ. ಇಪ್ಪತ್ತೆಂಟೇ.

ಹಿಂದಿನಿಂದ ಒಬ್ಬರು, “ಬಾಟ್ಲಿ ಯಾರ ಮನೇಲಿತ್ತು?” ಎಂದರು. ಇನ್ನೊಬ್ಬರು, “ಟೆಸ್ಟರಮ್ಮನ ಮನೇಲಿ. ಹಾಲು ಬದಲಾಯ್ಸೋಕೆ ಎಷ್ಟು ಹೊತ್ತು ಬೇಕು?” ಎಂದರು. “ಅವಳತ್ರ ಏನು ಇಸ್ಕೊಂಡೆ ಕಣೆ?” ಎಂಬ ಮಾತೂ ಬಂತು. ದೇವರಾಣೆ ನಾನು ಮುಟ್ಟಿಲ್ಲ ಎಂದೆ. ಯಾರೂ ನಂಬಲಿಲ್ಲ. ಅವರ ಕಣ್ಣುಗಳು ಜಾಡಿಯಿಂದ ನನ್ನ ಕೈಗೆ, ಕೈಯಿಂದ ಜಾಡಿಗೆ ಓಡಾಡುತ್ತಿದ್ದವು. ಹದಿನಾರು ದಿನ ನಾನು ರುದ್ರಮ್ಮನ ಕೈ ನೋಡಿದ್ದೂ ಹಾಗೆಯೇ.

ಮತ್ತೊಮ್ಮೆ ನೋಡಲೆಂದು ಜಾಡಿ ಹಿಡಿದುಕೊಂಡೆ. ಅದು ಮಂಜಿನಂತೆ ಕೊರೆಯುತ್ತಿತ್ತು. ಬೆಳಿಗ್ಗೆ ಇದೇ ಜಾಡಿ, ಇದೇ ಹಾಲು, ಚಳಿಗೆ ಮರಗಟ್ಟಿದ ಬೆರಳಿಗೆ ಹಿತವಾಗಿ ಬೆಚ್ಚಗಿತ್ತು. ದಿನಾ ಅವಳ ಹಾಲಿನ ಜಾಡಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿಯುತ್ತಿದ್ದೆನಲ್ಲ! ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿಟ್ಟ ಥರ್ಮಾಮೀಟರ್ ನೆನಪಾಯಿತು. ಲ್ಯಾಕ್ಟೋಮೀಟರ್ ಇಪ್ಪತ್ತೇಳು ಡಿಗ್ರಿ ಶಾಖಕ್ಕೆ ಹೊಂದಿಸಿದ್ದು, ಬಿಸಿ ಹಾಲು ತೆಳುವಾಗಿ ಕಡಿಮೆ ತೋರಿಸುತ್ತದೆ, ತಣ್ಣನೆಯ ಹಾಲು ಹೆಚ್ಚು ತೋರಿಸುತ್ತದೆ ಎಂದು ಹಾಸನದ ತರಬೇತಿಯಲ್ಲಿ ಹೇಳಿದ್ದರು. ಕರೆದ ತಕ್ಷಣದ ಹಾಲನ್ನು ಅಳೆಯಲೇಬಾರದು ಎಂದೂ ಹೇಳಿದ್ದರು. ನಮ್ಮ ಡೇರಿಗೆ ಎಲ್ಲರೂ ದೂರದಿಂದ, ಚಳಿಯಲ್ಲಿ ನಡೆದು, ಸರತಿಯಲ್ಲಿ ಕಾದು ಹಾಲು ಹಾಕುತ್ತಿದ್ದುದರಿಂದ ನನಗೆ ಅದು ಬೇಕಾಗಿರಲಿಲ್ಲ, ಮರೆತಿದ್ದೆ. ಸಂಜೆ ರುದ್ರಮ್ಮನೂ ಹಾಗೆ ಕಾಯುತ್ತಿದ್ದಳು. ಬೆಳಿಗ್ಗೆ ಮಾತ್ರ ಕೆಚ್ಚಲಿನಿಂದ ಮೂವತ್ತು ಹೆಜ್ಜೆಗೆ, ಬಿಸಿ ಆರುವ ಮುನ್ನ ಹಾಲು ತರುತ್ತಿದ್ದವಳು ಅವಳೊಬ್ಬಳೇ. ಹಾಗೆ ತರಲು ಹೇಳಿದವರು ನಾವೇ.

“ನಾಳೆ ಬೆಳಿಗ್ಗೆ ಈರಮ್ಮನೋರ ಕೊಟ್ಟಿಗೇಲಿ ಟೆಸ್ಟ್ ಮಾಡ್ತೀನಿ,” ಎಂದೆ. “ಅಲ್ಲಿವರ್ಗೂ ಏನೂ ಬರೀಬ್ಯಾಡಿ.”

ಮರುದಿನ ನಾಲ್ಕೂವರೆಗೆ ಈರಮ್ಮನವರು ಸ್ವತಃ ಹಸು ಕರೆದರು. ಸಮಿತಿಯವರೆಲ್ಲ ಕಂಬಳಿ ಹೊದ್ದು ನಿಂತಿದ್ದರು. ಬೆಚ್ಚನೆ ಹಾಲನ್ನು ಅಲ್ಲೇ ಜಾಡಿಗೆ ಸುರಿದೆ. ಥರ್ಮಾಮೀಟರ್ ಮೂವತ್ತಾರು ತೋರಿಸಿತು. ಲ್ಯಾಕ್ಟೋಮೀಟರ್ ಇಪ್ಪತ್ತನಾಲ್ಕು.

“ಏ, ನಿನ್ನ ಕೋಲಿಗೆ ದೆವ್ವ ಹಿಡ್ಕಂಡೈತೆ ಕಣೆ!” ಎಂದರು ಈರಮ್ಮನವರು. “ನಾನು ನೀರು ಹಾಕಿದ್ನಾ? ಕಣ್ಣೆದುರೇ ಕರೆದಿವ್ನಿ!”

“ರುದ್ರಮ್ಮನೂ ಅದನ್ನೇ ಅಂದಿದ್ದು,” ಎಂದೆ.

ಜಾಡಿಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆವು. ಇಪ್ಪತ್ತೇಳೂವರೆ. ಸದಸ್ಯತ್ವ ರದ್ದಿನ ಮಾತು ಅಲ್ಲಿಗೆ ಮುಗಿಯಿತು. ರುದ್ರಮ್ಮನನ್ನು ಕ್ಷಮೆ ಕೇಳಿದವರು ಯಾರೂ ಇಲ್ಲ. ‘ಅವಳ ಅದೃಷ್ಟ ಚೆನ್ನಾಗಿತ್ತು’ ಎಂದರು, ಅಷ್ಟೆ.

ಅಂದಿನಿಂದ ಪ್ರತಿಯೊಬ್ಬರ ಹಾಲಿಗೂ ಥರ್ಮಾಮೀಟರ್ ಇಟ್ಟು, ಒಂದೇ ಶಾಖಕ್ಕೆ ತಂದು ಅಳೆಯತೊಡಗಿದೆ. ಚಳಿಯ ಬಲದಿಂದ ತೇಲುತ್ತಿದ್ದ ಹಾಲುಗಳೆಲ್ಲ ಎರಡೆರಡು ಅಂಕಿ ಇಳಿದವು. ಸಮಿತಿಯವರೊಬ್ಬರ ಹಾಲು ಇಪ್ಪತ್ತೈದಕ್ಕೆ ಬಂತು, ಫ್ಯಾಟ್ ಕೂಡ ಬಿದ್ದಿತ್ತು. ವಾಪಸ್ ಕೊಟ್ಟೆ. ಆಗ ಊರವರು ಏನಂದರು ಗೊತ್ತೇ? “ಹಸುಗೆ ಹಸಿ ಹುಲ್ಲು ಜಾಸ್ತಿಯಾಗಿರ್ಬೇಕು ಪಾಪ.” ಅದೇ ಅಂಕಿ. ಆದರೆ ಆ ಮನೆಯಾಕೆಯ ಕೊರಳಲ್ಲಿ ತಾಳಿ ಇತ್ತು.

ಹನ್ನೊಂದು ವರ್ಷ ನಾನು ಆ ಕೆಲಸ ಮಾಡಿದೆ. ಕೋಲು ಸುಳ್ಳು ಹೇಳುವುದಿಲ್ಲ ಎಂಬುದು ನಿಜ. ಆದರೆ ಎಲ್ಲರನ್ನೂ ಒಂದೇ ಕಡೆ ನಿಲ್ಲಿಸಿ ಅಳೆದಿರಾ ಎಂದು ಅದು ಕೇಳುವುದೂ ಇಲ್ಲ. ಅದನ್ನು ಕೇಳಿಕೊಳ್ಳುವುದು ಕೋಲು ಹಿಡಿದವರ ಕೆಲಸ. ಒಬ್ಬಳನ್ನು ಸಾಲಿನಿಂದ ನಾವೇ ಹೊರಗೆ ತಳ್ಳಿ, ಹಾಗೆ ತಳ್ಳಿದ್ದರಿಂದ ಬಂದ ವ್ಯತ್ಯಾಸವನ್ನೇ ಅವಳ ಕಳ್ಳತನವೆಂದು ಪುಸ್ತಕದಲ್ಲಿ ಬರೆದಿದ್ದೆವು. ಬರೆದ ಅಕ್ಷರ ನನ್ನದೇ. ಅವಳು ಊರಲ್ಲೇ ಉಳಿದಳು, ಹಸು ಉಳಿಯಿತು ಎಂಬುದನ್ನು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ ಬರೆದುಕೊಂಡಿದ್ದೇನೆ.

ಆ ಕೊಟ್ಟಿಗೆಯ ಟೆಸ್ಟ್ ಆದ ಮುಂದಿನ ಸೋಮವಾರ ನಾನು ಚೊಂಬು ಹಿಡಿದು ಅವಳ ಕೊಟ್ಟಿಗೆಗೇ ಹೋದೆ. ಪಟ ನೋಡಿಕೊಳ್ಳದೆ ಹೋದೆ. ತಡಿಕೆಯ ಸಂದಿಯಿಂದಲ್ಲ, ಬಾಗಿಲಿನಿಂದ.

“ಅಭಿಷೇಕಕ್ಕೆ ಒಂದು ಚೊಂಬು ಹಾಲು ಕೊಡ್ತೀಯಾ ರುದ್ರಮ್ಮ?”

ಅವಳು ಕರೆಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಕೂತ್ಕೊ ಅಕ್ಕ, ತಣ್ಣಗಾಗ್ಲಿ,” ಎಂದಳು. “ಬಿಸಿಬಿಸಿ ತಗೊಂಡು ಹೋದ್ರೆ ಶಿವನೂ ನೀರು ಅಂದ್ಬುಟ್ಟಾನು.”