ಹಂಚಿನ ಡಿಪೋದ ಕಪ್ಪು ಹಲಗೆ

ನನ್ನ ಅಕ್ಷರ ಕೆಟ್ಟದು. ಇದನ್ನು ಈಗ ನಗುತ್ತಾ ಹೇಳಬಲ್ಲೆ. ಇಪ್ಪತ್ತರ ವಯಸ್ಸಿನಲ್ಲಿ ಹೇಳಲಾಗುತ್ತಿರಲಿಲ್ಲ. ಆಗ ಅತ್ತೆಯ ಮಗನ ಅಕ್ಷರ ಕಂಡರೆ ಸಾಕು, ಹೊಟ್ಟೆಯೊಳಗೆ ಕಿಚ್ಚು ಹತ್ತಿಕೊಳ್ಳುತ್ತಿತ್ತು.

ಮೂಡಬಿದಿರೆಯ ಪೇಟೆಯಲ್ಲಿ ಅಪ್ಪನದು ಹಂಚಿನ ಡಿಪೋ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಪಂಚಾಯತಿ ಚುನಾವಣೆಗೆ ನಿಂತರು. ಎದುರಾಳಿ ಬಸ್ಸಿನ ಮಾಲಿಕ. ಅವನ ಕಡೆಯವರಿಗೆ ಹೋಟೆಲಿನಲ್ಲಿ ದಿನವಿಡೀ ಗೋಳಿಬಜೆ, ಕಾಫಿ. ದುಡ್ಡು ಎಲ್ಲಿಂದ ಎಂದು ಯಾರೂ ಕೇಳುತ್ತಿರಲಿಲ್ಲ. ಅಪ್ಪ ಹಟಕ್ಕೆ ಬಿದ್ದು, ಹಂಚಿನ ದರ ಬರೆಯುತ್ತಿದ್ದ ಕಪ್ಪು ಹಲಗೆಯನ್ನು ಡಿಪೋದ ಎದುರಿಗೆ ತಂದು ನಿಲ್ಲಿಸಿದರು. ಮೇಲರ್ಧದಲ್ಲಿ ಯಾವ ಬೀದಿಯವರು ಯಾವ ಶಾಲೆಗೆ ಹೋಗಿ ಓಟು ಹಾಕಬೇಕು, ಪಟ್ಟಿಯಲ್ಲಿ ಹೆಸರಿಲ್ಲದವರು ಯಾರನ್ನು ಕೇಳಬೇಕು ಎಂಬ ವಿವರ. ಕೆಳಗರ್ಧದಲ್ಲಿ ತಮ್ಮ ಚುನಾವಣೆಯ ಖರ್ಚು: ಕೊಟ್ಟವರು ಯಾರು, ಹೋದದ್ದು ಯಾವುದಕ್ಕೆ, ಆಯಾ ದಿನದ್ದು ಆಯಾ ದಿನವೇ. ಊರಿನಲ್ಲಿ ಅದುವರೆಗೆ ಯಾರೂ ಹಾಗೆ ಮಾಡಿರಲಿಲ್ಲ.

ಬರೆಯುವ ಕೆಲಸ ನನ್ನದೇ ಎಂದುಕೊಂಡಿದ್ದೆ. ಅಪ್ಪ ಸಿದ್ಧಕಟ್ಟೆಯಿಂದ ತಂಗಿಯ ಮಗನನ್ನು, ಎಂದರೆ ತಮ್ಮ ಅಳಿಯನೂ ನನಗೆ ಭಾವನೂ ಆದ ಅದೇ ಅತ್ತೆಯ ಮಗನನ್ನು, ಕರೆಸಿದರು.

ನಮ್ಮದು ಅಳಿಯಕಟ್ಟು. ಅಪ್ಪನ ಪಾಲು ಮಗನಿಗಲ್ಲ, ಅವರ ಅಕ್ಕತಂಗಿಯರ ಮಕ್ಕಳಿಗೆ. ಅದರ ಬಗ್ಗೆ ನನ್ನ ತಕರಾರಿರಲಿಲ್ಲ. ನನಗೂ ಸೋದರಮಾವನ ಮನೆಯಲ್ಲಿ ಪಾಲಿತ್ತಲ್ಲ. ಆದರೆ ಒಂದು ತುಂಡು ಸೀಮೆಸುಣ್ಣವೂ ಅಳಿಯನಿಗೇ ಹೋಗಬೇಕೆಂದು ಯಾವ ಕಟ್ಟಿನಲ್ಲಿದೆ? ಅಪ್ಪನನ್ನು ಕೇಳಿಯೇ ಬಿಟ್ಟೆ.

“ಅವನ ಅಕ್ಷರ ಚಂದ ಉಂಟು ಮಾರಾಯ,” ಎಂದರು ಅಪ್ಪ. “ನಾಲ್ಕು ಜನ ಓದುವಂಥದ್ದು.”

ನಿಜಕ್ಕೂ ಚೆಂದವೇ ಇತ್ತು, ಹಾಳಾದದ್ದು. ಭಾವ ಸಂಜೆ ಸ್ಟೂಲು ಹಾಕಿಕೊಂಡು ಬರೆಯಲು ನಿಂತರೆ ದಾರಿಹೋಕರೂ ನಿಂತು ನೋಡುತ್ತಿದ್ದರು. ನಿವೃತ್ತ ಮಾಸ್ತರರೊಬ್ಬರು ದಿನವೂ ಬಂದು ಗಟ್ಟಿಯಾಗಿ ಓದಿ, “ಎಷ್ಟು ನಿಯತ್ತಿನ ಕೈ!” ಎಂದು ಅವನ ಬೆನ್ನು ತಟ್ಟುತ್ತಿದ್ದರು. ಅಪ್ಪನ ಮುಖ ಅರಳುತ್ತಿತ್ತು. ನಾನು ಒಳಗೆ ಹಂಚು ಎಣಿಸುತ್ತಿದ್ದೆ. ಆ ಹದಿನೈದು ದಿನ ನನಗೆ ಬೇಕಾಗಿದ್ದದ್ದು ಅಪ್ಪನ ಗೆಲುವಲ್ಲ. ಅವರು ಒಮ್ಮೆ ಆ ಸೀಮೆಸುಣ್ಣವನ್ನು ನನ್ನ ಕೈಗೆ ಕೊಡಬೇಕಿತ್ತು, ಅಷ್ಟೇ.

ಅವನ ತಪ್ಪು ಹುಡುಕಲು ಕೂತೆ. ಹುಡುಕಿದವನಿಗೆ ಸಿಕ್ಕಿಯೂ ಸಿಕ್ಕಿತು. ಅಪ್ಪನ ಪರವಾಗಿ ಮನೆ ಮನೆ ತಿರುಗುತ್ತಿದ್ದವರೆಲ್ಲ ಮಧ್ಯಾಹ್ನ ಉಣ್ಣುತ್ತಿದ್ದದ್ದು ನಮ್ಮ ಮನೆಯಲ್ಲಿ, ಎಂದರೆ ಕಟ್ಟಿನ ಪ್ರಕಾರ ಅಮ್ಮ, ನಾವು ಇದ್ದ ಅಮ್ಮನ ತವರಿನಲ್ಲಿ. ಅಕ್ಕಿ ಸೋದರಮಾವ ಬೈಹುಲ್ಲಿನಲ್ಲಿ ಮುಡಿ ಕಟ್ಟಿಸಿಟ್ಟದ್ದು, ಬೇಯಿಸುವವಳು ಅಮ್ಮ. ಬೀಡಿಯ ಕಟ್ಟನ್ನೂ ಬಿಡದೆ ಬರೆದಿದ್ದ ಹಲಗೆಯಲ್ಲಿ ಆ ಅನ್ನದ ಸುದ್ದಿಯೇ ಇರಲಿಲ್ಲ. ಮನೆಯ ಊಟ ಖರ್ಚೆಂದು ಯಾರಿಗೂ ತೋಚಿರಲಿಲ್ಲ. ನನಗೂ ಅಸೂಯೆ ಇಲ್ಲದಿದ್ದರೆ ತೋಚುತ್ತಿರಲಿಲ್ಲ.

ಅಪ್ಪ, ಭಾವ ಇಬ್ಬರೂ ಬಂಟ್ವಾಳಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಹಲಗೆಯ ಅಡಿಯಲ್ಲಿ ಬರೆದೆ: ‘ಕಾರ್ಯಕರ್ತರ ಊಟ, ಹೆಂಡತಿಯ ಮನೆಯ ಅಕ್ಕಿ ಎರಡು ಮುಡಿ. ಇದನ್ನು ಇಷ್ಟು ದಿನ ಬರೆದಿಲ್ಲ.’

ಅವರು ಬಸ್ಸಿಳಿದು ಬರುವಾಗ ಹಲಗೆಯ ಮುಂದೆ ಗುಂಪು ಸೇರಿತ್ತು. ಬಸ್ಸಿನ ಮಾಲಿಕನ ಕಡೆಯ ಒಬ್ಬ ಹಲ್ಲು ಕಿರಿಯುತ್ತಿದ್ದ. ಅಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

“ಯಾರು ಬರೆದದ್ದು?”

“ನಾನು.”

“ಎರಡು ಮುಡಿ ಸರಿಯಾ?”

“ಸರಿ. ಅಮ್ಮನನ್ನು ಕೇಳಿ ಬೇಕಾದರೆ.”

ಭಾವನ ಮುಖ ಕಪ್ಪಿಟ್ಟಿತು. ಸುಳ್ಳೇಕೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಪ್ಪ ನಿಧಾನವಾಗಿ, “ಹಾಗಾದರೆ ಇದು ಇಲ್ಲಿ ಇರಲೇಬೇಕು. ನಮ್ಮಿಂದ ತಪ್ಪಾಗಿದೆ,” ಎಂದು ನೆರೆದವರಿಗೆಲ್ಲ ಕೇಳುವಂತೆ ಹೇಳಿದರು. ನಾನು ಸೀಮೆಸುಣ್ಣ ಹಿಡಿದು ಸಿದ್ಧನಾಗಿಯೇ ನಿಂತಿದ್ದೆ. ಅಪ್ಪ ಅದನ್ನು ನನ್ನ ಬೆರಳಿನಿಂದ ತೆಗೆದು ಭಾವನಿಗೆ ಕೊಟ್ಟರು.

“ಇವನದ್ದು ಓದಲಿಕ್ಕೆ ಆಗುವುದಿಲ್ಲ. ನೀನೊಮ್ಮೆ ಚಂದ ಮಾಡಿ ಬರಿ.”

ಭಾವ ನನ್ನ ಸಾಲನ್ನು ಒರೆಸಿ, ಅದನ್ನೇ ಮುತ್ತು ಪೋಣಿಸಿದ ಹಾಗೆ ಬರೆದ. ಸಂಜೆ ಬಂದ ಮಾಸ್ತರರು ಓದಿ, “ಮನೆಯ ಅನ್ನವನ್ನೂ ಬಿಟ್ಟಿಲ್ಲ ನೋಡಿ ಈ ಹುಡುಗ,” ಎಂದು ಮತ್ತೆ ಅವನ ಬೆನ್ನನ್ನೇ ತಟ್ಟಿದರು. ಅವನು ನನ್ನ ಕಡೆಗೆ ಕೈ ತೋರಿಸಿ ಏನೋ ಹೇಳಹೊರಟ. ಮಾಸ್ತರರಿಗೆ ಕಿವಿ ಮಂದ.

ಅಪ್ಪ ಗೆದ್ದರು. ಆ ಅಕ್ಕಿಯ ಸಾಲಿನಿಂದಲೇ ಗೆದ್ದದ್ದೆಂದು ಪೇಟೆಯಲ್ಲಿ ಮಾತಾಯಿತು. ಮರುದಿನ ಬೆಳಿಗ್ಗೆ ಅಪ್ಪ ಒದ್ದೆ ಬಟ್ಟೆಯೊಂದನ್ನು ನನ್ನ ಕೈಗಿಟ್ಟು, “ಹಂಚಿನ ದರ ಬರೆಯಬೇಕು, ಹಲಗೆ ಒರೆಸು,” ಎಂದರು. ಮೇಲಿನಿಂದ ಒರೆಸುತ್ತಾ ಬಂದೆ. ಕೊನೆಯ ಸಾಲಿಗೆ ಬಂದಾಗ, ಅವನ ಅಕ್ಷರದ ಅಡಿಯಲ್ಲಿ ನನ್ನ ಸೊಟ್ಟ ಅಕ್ಷರದ ಗುರುತಾದರೂ ಉಳಿದಿದೆಯೋ ಎಂದು ಬಗ್ಗಿ ನೋಡಿದೆ. ಇರಲಿಲ್ಲ. ಒರೆಸುವುದನ್ನೂ ಅವನು ನನಗಿಂತ ಚೆನ್ನಾಗಿಯೇ ಮಾಡಿದ್ದ.