ಕೆಮ್ಮಣ್ಣು ಮೆತ್ತಿದ ಬಿಳಲು

ನಮ್ಮೂರಿನ ಆಲದ ಮರದಲ್ಲಿ ನೆಲ ಮುಟ್ಟಿದ್ದ ಬಿಳಲುಗಳನ್ನು ಕಡಿದವನು ನಾನು. ಅತ್ತಿಗೆ ಅಲ್ಲ. ಇದನ್ನು ನನ್ನ ಮೀಸೆ ಕಪ್ಪಗಿದ್ದಾಗಲೇ ಹೇಳಬೇಕಿತ್ತು. ಈಗ ಹೇಳುತ್ತಿದ್ದೇನೆ.

ನಮ್ಮ ಹುಳಿಮಾವು ಆಗ ಇನ್ನೂ ಹಳ್ಳಿ, ಬೆಂಗಳೂರು ಅಲ್ಲಿಯವರೆಗೆ ಬೆಳೆದಿರಲಿಲ್ಲ. ಕೆರೆ ಏರಿಯ ಕೆಳಗೆ ದೊಡ್ಡ ಆಲದ ಮರ, ಬುಡದಲ್ಲಿ ಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು. ನಮ್ಮ ಮನೆಯವರು ಆ ಮರದ ಬಿಳಲು ತಂದು, ನೀರಲ್ಲಿ ನೆನೆಸಿ, ಸಿಪ್ಪೆ ಸುಲಿದು ಬುಟ್ಟಿ ಹೆಣೆಯುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಆ ಕೆಲಸ ಅತ್ತಿಗೆ ಗೌರಮ್ಮನವರ ಪಾಲಿಗೆ ಬಂತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಬೇರೆ ಕೆಲಸ ಸಿಗದೆ, ಅವರ ಪಕ್ಕದಲ್ಲಿ ಕೂತು ಕಲಿತೆ — ಕಲಿತೆ ಅನ್ನುವುದು ದೊಡ್ಡ ಮಾತು.

ಊರು ನಮಗೆ ಮರವನ್ನು ಬಿಟ್ಟುಕೊಟ್ಟಿದ್ದು ಒಂದು ಕಟ್ಟುಪಾಡಿನ ಮೇಲೆ. ಗಾಳಿಯಲ್ಲಿ ತೂಗುವ ಬಿಳಲು ನಿಮ್ಮದು, ನೆಲ ಮುಟ್ಟಿದ್ದು ಮರದ್ದು. ನೆಲ ಮುಟ್ಟಿದ ಬಿಳಲು ಮುಂದೆ ಕೊಂಬೆಗೆ ಕಂಬವಾಗುತ್ತದಲ್ಲ, ಅದಕ್ಕೆ. ಅತ್ತಿಗೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಕುಡುಗೋಲು ತಗುಲಿದ ಜಾಗಕ್ಕೆಲ್ಲ ಕೆಮ್ಮಣ್ಣು ಕಲಸಿ ಮೆತ್ತುತ್ತಿದ್ದರು, ಗಾಯಕ್ಕೆ ಅರಿಶಿನ ಹಚ್ಚುವ ಹಾಗೆ. ಕಟ್ಟೆಯ ಮೇಲೆ ಕೂರುವ ಗಂಡಸರು ರೇಗಿಸುತ್ತಿದ್ದರು: "ಗೌರಮ್ಮ, ಮರಕ್ಕೊಂದು ಸೀರೆನೂ ಉಡಿಸ್ಬಿಡು."

"ನೀನ್ ಕೊಡ್ಸಪ್ಪ, ಉಡಿಸ್ತೀನಿ."

ತೂಗುವ ಬಿಳಲು ಗಿಡ್ಡ. ದೊಡ್ಡ ಬುಟ್ಟಿಯಾದರೆ ಒಂದಕ್ಕೊಂದು ಸೇರಿಸುತ್ತಾ ಹೆಣೆಯಬೇಕು. ಅತ್ತಿಗೆ ಸೇರಿಸಿದ ಜಾಗ ಹುಡುಕಿದರೂ ಕಾಣದು. ನನ್ನದು ಗಂಟುಗಂಟಾಗಿ ಉಬ್ಬಿಕೊಳ್ಳುತ್ತಿತ್ತು. ಜಯನಗರದಲ್ಲಿ ನಾವು ಬುಟ್ಟಿ ಕೊಡುತ್ತಿದ್ದ ಅಂಗಡಿಯ ಯಜಮಾನರು ಒಂದು ದಿನ ನಾನು ಹೆಣೆದದ್ದನ್ನು ಬೆರಳ ತುದಿಯಲ್ಲಿ ಎತ್ತಿ, "ಇದ್ಯಾವ್ದಮ್ಮ, ಮಂಡಿ ಊದ್ಕೊಂಡಿರೋ ಬುಟ್ಟಿ?" ಅಂದರು. ಗಿರಾಕಿಗಳು ನಕ್ಕರು.

"ನಂದೇ ಸಾರ್. ಕಣ್ಣು ಮಂಜಾಗಿತ್ತು," ಅಂದರು ಅತ್ತಿಗೆ.

ನನ್ನ ಮಾನ ಉಳಿಸಿದ ಮಾತು ಅದು. ನನಗೆ ಮಾತ್ರ ನಗುವಿಗಿಂತ ಅದೇ ಹೆಚ್ಚು ಚುಚ್ಚಿತು — ಯಾಕೆ ಅಂತ ಇಂದಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಎಲ್ಲೂ ಸೇರಿಸದ, ನುಣ್ಣಗಿನ ಒಂದು ಬುಟ್ಟಿ ಹೆಣೆದು ಆ ಅಂಗಡಿಯಲ್ಲಿ ಇಡಬೇಕು ಅನ್ನಿಸಿತು. ಮಧ್ಯಾಹ್ನ ಕಟ್ಟೆ ಖಾಲಿಯಿದ್ದಾಗ ಹೋಗಿ, ಹೊಸದಾಗಿ ನೆಲಕ್ಕೆ ಇಳಿದು ನೆಟ್ಟಗಾಗಿದ್ದ ಉದ್ದನೆಯ ಬಿಳಲುಗಳನ್ನು ಕೊಯ್ದುಕೊಂಡೆ. ಕೊಯ್ದ ಜಾಗ ಬೆಳ್ಳಗೆ ಕಾಣುತ್ತಿತ್ತು, ಹಾಲು ಸೋರುತ್ತಿತ್ತು. ಯಾರಾದರೂ ನೋಡಿದರೆ — ಅತ್ತಿಗೆಯ ಹಾಗೆಯೇ ಕೆಮ್ಮಣ್ಣು ಮೆತ್ತಿದೆ. ಮರದ ಮೇಲಿನ ಕನಿಕರದಿಂದಲ್ಲ.

ಸ್ವಲ್ಪ ದಿನಕ್ಕೆ ಒಂದು ಸಂಜೆಯ ಗಾಳಿಗೆ, ನಾನು ಬಿಳಲು ಕೊಯ್ದಿದ್ದ ಕೊಂಬೆ ಮುರಿದು ನಾಗರಕಲ್ಲಿನ ಮೇಲೆ ಬಿತ್ತು. ಕಲ್ಲು ಎರಡು ಹೋಳಾಯಿತು. ಆ ಬಿಳಲುಗಳು ಇನ್ನೂ ಎಳೆಯವು, ಅಷ್ಟು ದೊಡ್ಡ ಕೊಂಬೆಯನ್ನು ಅವು ಹೇಗೂ ಹೊರುತ್ತಿರಲಿಲ್ಲ — ಬೇಡ. ಈ ಸಮಾಧಾನ ಹೇಳಿಕೊಂಡು ಬದುಕಿದ್ದು ಸಾಕು.

ಊರು ಸೇರಿತು. ಕಡಿದ ತುದಿಗಳು ಕಂಡವು, ಮೆತ್ತಿದ ಕೆಮ್ಮಣ್ಣೂ ಕಂಡಿತು. "ನೆಲ ಮುಟ್ಟಿದ್ದನ್ನ ನಾನ್ ಮುಟ್ಟಿಲ್ಲ ಕಣ್ರಪ್ಪ," ಎಂದರು ಅತ್ತಿಗೆ. ಯಾರೂ ನಂಬಲಿಲ್ಲ. ಆಗ ಅವರು ನನ್ನ ಕಡೆ ತಿರುಗಿದರು.

"ನಾರಾಯಣ, ನೀನಾದ್ರೂ ಹೇಳಪ್ಪ."

ನಾನು ಹೇಳಿದೆ: "ಮಣ್ಣು ಮೆತ್ತೋದು ಅತ್ಗೆ ಒಬ್ರೇ."

ಸುಳ್ಳಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಅಷ್ಟೇ ಸಾಕಾಯಿತು. "ಇನ್ಮೇಲೆ ಈಯಮ್ಮ ಕಟ್ಟೆ ಹತ್ರ ಸುಳೀಬಾರ್ದು. ಕೆಟ್ಟ ಕೈ," ಎಂದರು ಪೂಜೆ ನೋಡಿಕೊಳ್ಳುತ್ತಿದ್ದ ಹಿರಿಯರು. ಅತ್ತಿಗೆ ನನ್ನನ್ನು ನೋಡಿದರೋ ಇಲ್ಲವೋ — ನಾನು ತಲೆ ಎತ್ತಿರಲಿಲ್ಲ. ಬಚ್ಚಿಟ್ಟಿದ್ದ ಬಿಳಲುಗಳನ್ನು ಕೆರೆಗೆ ಎಸೆದೆ. ಆ ಬುಟ್ಟಿಯನ್ನು ಹೆಣೆಯಲೇ ಇಲ್ಲ.

ಅತ್ತಿಗೆಯೂ ಮತ್ತೆ ಬುಟ್ಟಿ ಮುಟ್ಟಲಿಲ್ಲ. ಜಯನಗರದ ಮನೆಗಳಲ್ಲಿ ಪಾತ್ರೆ ತಿಕ್ಕಿದರು. ಮುಂದೆ ನಾನು ನಮ್ಮ ತುಂಡು ಹೊಲವಿದ್ದ ಜಾಗದಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟೆ. ಈಗ ಕಟ್ಟೆಯ ಪೂಜೆಯಲ್ಲಿ ಮೊದಲ ಪ್ರಸಾದ ನನಗೆ. ನನ್ನ ಮನೆಯ ಕೆಳಗಿನ ಕೋಣೆಯಲ್ಲಿರುವ ಅತ್ತಿಗೆಗೆ ಅದನ್ನು ತಂದುಕೊಟ್ಟರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಕಟ್ಟೆಗೆ ಮಾತ್ರ ಕಾಲಿಡುವುದಿಲ್ಲ.

ಬಾಣಂತನಕ್ಕೆ ಬಂದಿರುವ ನನ್ನ ಮೊಮ್ಮಗಳು ಹೋದ ವಾರ ಅತ್ತಿಗೆಯನ್ನು ಕೇಳಿದಳು: "ಅಜ್ಜಿ, ನೀವು ಸಖತ್ತಾಗಿ ಬುಟ್ಟಿ ಹೆಣೀತಿದ್ರಂತೆ. ಮಗೂನ ಮಲಗ್ಸೋಕೆ ಒಂದು ಮಾಡ್ಕೊಡಿ."

"ಬ್ಯಾಡ ಕಣವ್ವ," ಎಂದರು ಅತ್ತಿಗೆ, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು. "ಮಗು ಮಲಗೋದು. ಇದು ಕೆಟ್ಟ ಕೈ."

ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದೆ. ಕುಡಿದೆ ಕೂಡ. ಊರಲ್ಲಿ ಎಷ್ಟೋ ಜನ ಆ ಮಾತನ್ನು ಮರೆತೇಬಿಟ್ಟಿದ್ದಾರೆ. ಅತ್ತಿಗೆ ಅದನ್ನು ನಂಬಿಬಿಟ್ಟಿದ್ದಾರೆ — ತಾವು ಮಾಡದ ತಪ್ಪಿಗೆ ಬಂದ ಮಾತನ್ನು.

ಅತ್ತಿಗೆ, ಇದನ್ನು ಮೊದಲು ನಿಮ್ಮ ಎದುರು ಕೂತು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಏನಂದರೂ, ಏನೂ ಅನ್ನದಿದ್ದರೂ, ಬರುವ ಸೋಮವಾರ ಪೂಜೆಗೆ ಊರವರು ಸೇರಿದಾಗ, ಪ್ರಸಾದಕ್ಕೆ ಕೈ ಚಾಚುವ ಮೊದಲು, ಆವತ್ತು ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಪೂರ್ತಿ ಮಾಡುತ್ತೇನೆ. ಮಣ್ಣು ಮೆತ್ತೋದು ಅತ್ಗೆ ಒಬ್ರೇ. ಆವತ್ತು ಮೆತ್ತಿದ್ದು ನಾನು.